ಬೆನ್ನು ನೋಡುವವರು

ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ. ಬಚ್ಚಲ ಹಂಡೆಗೆ ನೀರು ತುಂಬಿಸಿ ಒಲೆಗೆ ಬೆಂಕಿ ಹಾಕಿದೆ. ನಿನ್ನೆ ಅರೆದಿಟ್ಟ ಹಿಟ್ಟಿನಲ್ಲಿ ದೋಸೆ ಎರೆದೆ. ಬಸಳೆಯ ಬುಡಕ್ಕೆ ಅಕ್ಕಿ ತೊಳೆದ ನೀರು ಹೊಯ್ದೆ. ಒಣಗಲು ಹಾಕಿದ ಕೊಬ್ಬರಿಯನ್ನು ಕಾಗೆಗಳಿಂದ ಕಾಯುತ್ತ, ಹರಿದ ದಿಂಬಿನ ಚೀಲಕ್ಕೆ ಹೊಲಿಗೆ ಹಾಕಿದೆ. ಗಂಗೊಳ್ಳಿಯಿಂದ ಸ್ಕೂಟರಿನಲ್ಲಿ ಮೀನು ತರುವವನು ಗೇಟಿನ ಹತ್ತಿರ ಹಾರ್ನು ಹೊಡೆದಾಗ ಓಡಿಹೋಗಿ ಬಂಗುಡೆ ತಕ್ಕೊಂಡೆ. ಮಧ್ಯಾಹ್ನ ಉಂಡು, ಪಾತ್ರೆ ತೊಳೆದು, ಮನೆಯ ಹಿಂದಿನ ಕುರುಚಲು ಕಾಡಿಗೆ, ನಮ್ಮ ಹಾಡಿಗೆ, ಹೋಗಿ ತರಗೆಲೆ ಗುಡಿಸಿ ಎರಡು ಹೆಡಿಗೆ ಹೊತ್ತು ತಂದೆ. ಸಂಜೆ ಮೀಯುವ ಮೊದಲು ಬೆನ್ನು ತೋರಿಸಿದೆ.

ಕೊನೆಯದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಾನು ಎಷ್ಟೋ ವರ್ಷಗಳಿಂದ ಮಾಗಿಯ ಚಳಿಯಲ್ಲಿ ಮಾಡಿಕೊಂಡು ಬಂದದ್ದೇ. ಬೆನ್ನು ತೋರಿಸುವುದೂ ಒಂದು ಕೆಲಸವೇ ಎಂದು ನೀವು ಕೇಳಬಹುದು. ನಮ್ಮ ಕಡೆ ಹೌದು. ಅಂಗಳ ಗುಡಿಸುವುದಕ್ಕೆ ಒಬ್ಬರು ಸಾಕು, ದೋಸೆ ಎರೆಯುವುದಕ್ಕೂ ಒಬ್ಬರು ಸಾಕು. ಈ ಕೆಲಸಕ್ಕೆ ಮಾತ್ರ ಇಬ್ಬರು ಬೇಕು. ಹಾಗಾಗಿಯೇ ನನ್ನ ಮನೆಯಲ್ಲಿ ಅದು ಬಹಳ ವರ್ಷ ನಿಂತುಹೋಗಿತ್ತು.

ನಮ್ಮ ಬಚ್ಚಲ ಬಾಗಿಲ ಪಕ್ಕದ ಮೊಳೆಯಲ್ಲಿ ದಾರ ಕಟ್ಟಿದ ಒಂದು ಸಣ್ಣ ಚಿಮಟ ನೇತಾಡುತ್ತಿದೆ. ಹುಬ್ಬಿನ ಕೂದಲು ಕೀಳುವ ಚಿಮಟ. ಕುಂದಾಪುರದ ಫ್ಯಾನ್ಸಿ ಅಂಗಡಿಯಲ್ಲಿ ತುದಿ ಚೂಪಾದದ್ದೇ ಬೇಕು ಎಂದು ಆರಿಸುತ್ತ ನಿಂತಿದ್ದಾಗ ಅಂಗಡಿಯ ಹುಡುಗಿ ನನ್ನ ಹುಬ್ಬನ್ನೊಮ್ಮೆ, ನೆರೆತ ಕೂದಲನ್ನೊಮ್ಮೆ ನೋಡಿ, ಮುಖ ಆಚೆ ತಿರುಗಿಸಿ ನಕ್ಕಳು. ಇದು ಉಣುಗು ಕೀಳುವುದಕ್ಕೆ ಮಗಾ ಎಂದು ಹೇಳಿದೆ. ಅವಳ ನಗು ಅಲ್ಲಿಗೇ ನಿಂತಿತು. ಚಿಲ್ಲರೆಯನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು, ನನ್ನ ಮೈಮೇಲೆ ಆಗಲೇ ನಾಲ್ಕಾರು ಹರಿದಾಡುತ್ತಿವೆಯೋ ಎಂಬಂತೆ.

ಪೇಟೆಯಲ್ಲಿ ಬೆಳೆದವರಿಗೆ ಉಣುಗು ಎಂದರೆ ನಾಯಿಯ ಕಿವಿಯಲ್ಲಿ ಹರಳು ಬೀಜದಂತೆ ಊದಿಕೊಂಡಿರುವ ಪ್ರಾಣಿ. ಹಾಡಿಯ ಉಣುಗು ಅಷ್ಟು ಮರ್ಯಾದಸ್ಥ ಅಲ್ಲ. ಗಸಗಸೆಯಷ್ಟಿರುತ್ತದೆ. ತರಗೆಲೆಯ ಅಂಚಿನಲ್ಲೋ ಹುಲ್ಲಿನ ತುದಿಯಲ್ಲೋ ಕೈ ಚಾಚಿಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕಾಯುತ್ತದೆ. ನಾವು ಸವರಿಕೊಂಡು ಹೋದರೆ ಹತ್ತಿತು. ಹತ್ತಿದ ಮೇಲೆ ಕೂಡಲೇ ಕಚ್ಚುವುದೂ ಇಲ್ಲ. ಹೊಸ ಮನೆ ನೋಡಲು ಬಂದವರಂತೆ ಅಲ್ಲಿ ಇಲ್ಲಿ ತಿರುಗಿ, ಕಂಕುಳೋ, ಸೊಂಟದ ದಾರದ ಅಡಿಯೋ, ಮೊಣಕಾಲಿನ ಹಿಂದಿನ ಮಡಿಕೆಯೋ, ಬೆಚ್ಚಗೆ ಮೆತ್ತಗೆ ಇರುವ ಒಂದು ಜಾಗ ಆರಿಸಿ ತಲೆ ಊರುತ್ತದೆ. ನೋವಿಲ್ಲ. ಸೊಳ್ಳೆಯಾದರೂ ಬಂದೆ ಎಂದು ಹೇಳಿ ಕಚ್ಚುತ್ತದೆ. ಇದು ಹೇಳುವುದಿಲ್ಲ. ಯಾರಾದರೂ ನೋಡಿ ಹೇಳಬೇಕು.

ನನ್ನ ತವರು ಬೈಂದೂರಿನಿಂದ ಒಳಗೆ, ಗೇರು ಗುಡ್ಡೆಯ ಬುಡದಲ್ಲಿ. ಗೇರು ಬೀಜ ಹೆಕ್ಕುವುದಕ್ಕೆ, ಸೌದೆಗೆ, ತರಗೆಲೆಗೆ, ಕೊನೆಗೆ ಯಾವುದಕ್ಕೂ ಅಲ್ಲದೆ ಸುಮ್ಮನೆ, ನಾನೂ ಅಣ್ಣನೂ ದಿನಕ್ಕೊಮ್ಮೆ ಗುಡ್ಡೆ ಹತ್ತುತ್ತಿದ್ದೆವು. ಹೋಗುವಾಗ ಅಮ್ಮ ಕಾಲಿಗೆ ಹೊನ್ನೆ ಎಣ್ಣೆ ತಿಕ್ಕಿ ಕಳುಹಿಸುತ್ತಿದ್ದಳು. ಆ ವಾಸನೆಗೆ ಉಣುಗು ದೂರ ಹೋಗುತ್ತಿತ್ತೋ ಇಲ್ಲವೋ, ಶಾಲೆಯ ಮಕ್ಕಳಂತೂ ಹೋಗುತ್ತಿದ್ದರು. ಇಳಿದು ಬಂದ ಮೇಲೆ ಮನೆಯೊಳಗೆ ಕಾಲಿಡುವ ಹಾಗಿಲ್ಲ. ಬಟ್ಟೆಯನ್ನು ಅಲ್ಲೇ ಕಳಚಿ ಬಿಸಿನೀರಿನ ಬಾನಿಗೆ ಹಾಕಿ, ಬಚ್ಚಲ ಬಾಗಿಲಲ್ಲಿ ಬೆನ್ನು ಮಾಡಿ ನಿಲ್ಲಬೇಕು. ಪಡುವಣ ಬಿಸಿಲು ನೇರ ಬೀಳುವ ಜಾಗ ಅದು. ಅಮ್ಮ ಕಿವಿಯ ಹಿಂದಿನಿಂದ ಶುರು ಮಾಡಿ, ಕುತ್ತಿಗೆ, ಕಂಕುಳು, ಸೊಂಟ, ಮೊಣಕಾಲಿನ ಹಿಂಭಾಗ ಎಂದು ಅಕ್ಕಿಯ ಕಲ್ಲು ಆರಿಸುವವಳಂತೆ ಬೆರಳಾಡಿಸಿಕೊಂಡು ಬರುತ್ತಿದ್ದಳು.

ನನ್ನ ಬೆನ್ನಿನ ಎಡಗಡೆ, ರೆಕ್ಕೆಯ ಎಲುಬಿನ ಕೆಳಗೆ, ಒಂದು ಕಪ್ಪು ಮಚ್ಚೆ ಇದೆ. ಉದ್ದಿನ ಕಾಳಿನಷ್ಟು. ಹುಟ್ಟುವಾಗಲೇ ಇತ್ತಂತೆ. ನಾನು ಅದನ್ನು ಕಂಡವಳಲ್ಲ. ಅಮ್ಮನ ಬೆರಳು ಅಲ್ಲಿಗೆ ಬಂದಾಗ ಒಮ್ಮೆ ನಿಂತು, ಮೆಲ್ಲಗೆ ತಟ್ಟಿ, ಮುಂದಕ್ಕೆ ಹೋಗುತ್ತಿತ್ತು.

“ಇದ್ ನಮ್ದ್. ಇರ್ಲಿ,” ಎನ್ನುತ್ತಿದ್ದಳು ಅಮ್ಮ.

ಪ್ರತಿ ಸಂಜೆ ಅದೇ ಮಾತು. ಬೇರೆ ಮುದ್ದು ಮಾಡುವ ಕ್ರಮ ಅಮ್ಮನಿಗೆ ಇರಲಿಲ್ಲ. ಅಷ್ಟರಲ್ಲೇ ನನಗೆ ಸಾಕಾಗುತ್ತಿತ್ತು.

ಉಣುಗು ಸಿಕ್ಕಿದರೆ ಅಮ್ಮ ಉಗುರಿನಲ್ಲಿ ಎಳೆಯುತ್ತಿದ್ದಳು. ನಮ್ಮ ಸೋದರಮಾವನದು ಬೇರೆ ಶಾಸ್ತ್ರ. ಬೀಡಿಯ ಬೆಂಕಿ ತೋರಿಸಿದರೆ ಉಣುಗು ತಾನಾಗಿಯೇ ಇಳಿದು ಹೋಗುತ್ತದೆ ಎಂದು ಅಣ್ಣನ ತೊಡೆಗೆ ಬೀಡಿ ಹಿಡಿದರು. ಉಣುಗು ಇಳಿಯಲಿಲ್ಲ, ಅಣ್ಣ ಅಂಗಳ ದಾಟಿ ಗದ್ದೆಗೆ ಇಳಿದ. ಆ ಸುಟ್ಟ ಕಲೆ ಈಗಲೂ ಅವನ ತೊಡೆಯಲ್ಲಿದೆ. ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪಿನ ರಸ, ಹೀಗೆ ಮನೆಗೊಂದು ಮದ್ದು ಇತ್ತು. ಇವೆಲ್ಲ ಮಾಡಬಾರದ ಕೆಲಸ ಎಂದು ಗೊತ್ತಾದದ್ದು ಮೊನ್ನೆ ಮೊನ್ನೆ. ಸುಟ್ಟು, ಮುಳುಗಿಸಿ, ಹಿಸುಕಿ ಸಂಕಟ ಕೊಟ್ಟರೆ ಅದು ಹೊಟ್ಟೆಯಲ್ಲಿದ್ದದ್ದನ್ನು ನಮ್ಮೊಳಗೇ ಕಾರಿಬಿಡುತ್ತದಂತೆ. ಚರ್ಮಕ್ಕೆ ತಾಗುವಷ್ಟು ಹತ್ತಿರದಲ್ಲಿ, ಬಾಯಿಯ ಹತ್ತಿರವೇ ಚಿಮಟದಲ್ಲಿ ಹಿಡಿದು, ತಿರುಚದೆ, ಜರ್ಕು ಹೊಡೆಯದೆ, ನೇರ ಮೇಲಕ್ಕೆ ಎಳೆಯಬೇಕು. ಬಾವಿಯ ಕೊಡಪಾನ ಎಳೆದ ಹಾಗೆ, ಒಂದೇ ಸಮ. ಆಮೇಲೆ ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪು ಹಾಕಿ ತೊಳೆಯಬೇಕು.

ಮದುವೆಯಾಗಿ ಬಂದದ್ದು ಶಂಕರನಾರಾಯಣದ ಹತ್ತಿರದ ಈ ಮನೆಗೆ. ಬಾಗಿಲು ತೆರೆದರೆ ಗದ್ದೆ, ಹಿಂದೆ ಹಾಡಿ, ಹಾಡಿಯ ಮೇಲೆ ಗುಡ್ಡ. ಮದುವೆಯ ಮಾವಿನ ಸೊಪ್ಪು ಒಣಗುವ ಮೊದಲೇ ನಮ್ಮನೆಯವರು ಮುಂಬೈ ಬಸ್ಸು ಹತ್ತಿದರು. ಅಲ್ಲಿ ನಮ್ಮ ಕಡೆಯವರದೇ ಒಂದು ಹೋಟೆಲಿನಲ್ಲಿ ಅವರು ಸಪ್ಲೈಯರ್. ಮುಂದೆ ಕೌಂಟರಿಗೆ ಬಂದರು. ಕೋಣೆಯೊಂದರಲ್ಲಿ ಹತ್ತಾರು ಗಂಡಸರು ಮಲಗುವ ಊರಿಗೆ ಹೆಂಡತಿಯನ್ನು ಕರೆದುಕೊಂಡು ಹೋಗುವುದು ಎಲ್ಲಿಗೆ? ವರ್ಷಕ್ಕೊಮ್ಮೆ ಬರುತ್ತಿದ್ದರು, ಹಲಸಿನ ಹಣ್ಣಿನಂತೆ, ಅದೇ ಋತುವಿನಲ್ಲಿ. ಬಂದಷ್ಟೇ ಬೇಗ ಮುಗಿದೂ ಹೋಗುತ್ತಿದ್ದರು. ಮಕ್ಕಳಾಗಲಿಲ್ಲ. ಮನೆಯಲ್ಲಿ ನಾನೂ ಅತ್ತೆಯೂ.

ಅತ್ತೆ ಮಾತು ಕಡಿಮೆಯ ಹೆಂಗಸು. ಮೊದಲ ಸಲ ಹಾಡಿಯಿಂದ ತರಗೆಲೆ ಹೊತ್ತು ತಂದ ದಿನ ನಾನು ಬಚ್ಚಲಿಗೆ ಹೋಗಹೊರಟಾಗ ಸೆರಗು ಹಿಡಿದು ನಿಲ್ಲಿಸಿದರು. ತವರಿನ ಕ್ರಮವೇ ಇಲ್ಲಿಯೂ ಇದೆ ಎಂದು ಆಗ ತಿಳಿಯಿತು. ಅವರ ಬೆರಳು ಮಚ್ಚೆಯ ಹತ್ತಿರ ಬಂದು ನಿಂತಿತು.

“ಇದೆಂತ ಹೆಣೆ?”

“ಮಚ್ಚೆ, ಅತ್ತೆ.”

“ಬೆನ್ನಗೆ ಮಚ್ಚೆ ಇದ್ರೆ ಐಶ್ವರ್ಯ ಹಿಂದಿಂದ ಬತ್ತಂಬ್ರ್. ಕಾಂಬ.”

ಬರುತ್ತಿದೆಯೇನೋ. ಇನ್ನೂ ಹಿಂದೆಯೇ ಇದೆ.

ಅತ್ತೆಗೂ ನನಗೂ ಮಾತು ನಿಂತ ದಿನಗಳಿದ್ದವು. ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ, ತವರಿಗೆ ಹೋಗಿ ಎರಡು ದಿನ ಹೆಚ್ಚು ನಿಂತದ್ದಕ್ಕೆ. ಆದರೆ ಮಾತು ನಿಂತರೂ ಬೆನ್ನು ನೋಡುವುದು ನಿಲ್ಲುತ್ತಿರಲಿಲ್ಲ. ಸಂಜೆ ಇಬ್ಬರೂ ಮುಖ ದಪ್ಪ ಮಾಡಿಕೊಂಡೇ ಬಚ್ಚಲ ಬಾಗಿಲಿಗೆ ಬರುತ್ತಿದ್ದೆವು. ಅವರು ತಿರುಗಿ ನಿಂತರೆ ನಾನು ನೋಡಬೇಕು, ನಾನು ನಿಂತರೆ ಅವರು. ಮುಖ ಕಾಣದ ಕಾರಣ ಮಾತಾಡುವುದು ಸುಲಭ. ಬೆನ್ನಿಗೆ ಹೇಳಿದ ಮಾತಿನಲ್ಲಿ ಎಷ್ಟೋ ಜಗಳ ಮುಗಿದಿವೆ.

ಅತ್ತೆ ತೀರಿಹೋದ ಮೇಲಿನ ಮೊದಲ ಮಾಗಿಯಲ್ಲಿ ತರಗೆಲೆ ತಂದು ಹಾಕಿ, ಅಭ್ಯಾಸ ಬಲದಿಂದ ಬಚ್ಚಲ ಬಾಗಿಲಲ್ಲಿ ಬಿಸಿಲಿಗೆ ಬೆನ್ನು ಮಾಡಿ ನಿಂತೆ. ನಿಂತ ಮೇಲೆ ನೆನಪಾಯಿತು. ಹಾಗೆಯೇ ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋಗಿ ಮಿಂದೆ.

ಆಮೇಲಿನ ವರ್ಷಗಳಲ್ಲಿ ನಾನು ಮಾಡಿದ ಉಪಾಯಗಳನ್ನು ಕೇಳಿದರೆ ನೀವು ನಗುತ್ತೀರಿ. ಗೋಡೆಯ ಕನ್ನಡಿಗೆ ಬೆನ್ನು ಕೊಟ್ಟು ಕೈಯಲ್ಲೊಂದು ಕನ್ನಡಿ ಹಿಡಿದೆ. ಎಡ ಯಾವುದು ಬಲ ಯಾವುದು ತಿಳಿಯದೆ, ಉಣುಗು ಎಂದುಕೊಂಡು ಕನ್ನಡಿಯ ಮೇಲಿನ ನೊಣದ ಕಲೆಯನ್ನು ಹೆರೆದೆ. ಬೈರಾಸನ್ನು ಒದ್ದೆ ಮಾಡಿ ಎರಡು ತುದಿ ಹಿಡಿದು ಬೆನ್ನು ಗರಗಸ ಕೊಯ್ದಂತೆ ಉಜ್ಜಿದೆ. ತುರಿಸಿದರೆ ಜಗಲಿಯ ಕಂಬಕ್ಕೆ ಬೆನ್ನು ತಿಕ್ಕುತ್ತಿದ್ದೆ, ಎಮ್ಮೆಯಂತೆ. ಒಮ್ಮೆ ಹಾಗೆ ತಿಕ್ಕುತ್ತಿದ್ದಾಗ ಅಂಚೆಯವನು ಬಂದುಬಿಟ್ಟ. ಕಂಬಕ್ಕೆ ಒರಗಿ ಯಾರನ್ನೋ ಕಾಯುತ್ತಿರುವವಳಂತೆ ನಿಂತೆ. ನೆರೆಮನೆ ಗದ್ದೆಯಾಚೆ ಇದೆ. ಅಲ್ಲಿಗೆ ಹೋಗಿ ಸಕ್ಕರೆ ಕೇಳಬಹುದು, ಕತ್ತಿ ಕೇಳಬಹುದು. ನನ್ನ ಬೆನ್ನು ನೋಡಿ ಎಂದು ಕೇಳಿಕೊಂಡು ಯಾರ ಮನೆಗಾದರೂ ಹೋಗುವುದುಂಟೇ?

ಒಂದು ಸಂಜೆ ಮೀಯುವಾಗ ಸುಮ್ಮನೆ ಹೊಳೆಯಿತು. ಅಮ್ಮ ಹೋದಳು, ಅತ್ತೆಯೂ ಹೋದರು. ನನ್ನ ಬೆನ್ನಿನಲ್ಲೊಂದು ಮಚ್ಚೆ ಇದೆ ಎಂದು ತಿಳಿದವರು ಲೋಕದಲ್ಲಿ ಈಗ ಯಾರೂ ಇಲ್ಲ. ಅಣ್ಣ ಅದನ್ನು ಗಮನಿಸಿದ್ದೂ ಸಂಶಯ. ನಮ್ಮನೆಯವರಿಗೆ? ನಮ್ಮ ಕಾಲದವರ ಸಂಸಾರ ನಿಮಗೆ ಗೊತ್ತಲ್ಲ. ದೀಪ ಆರಿಸಿದ ಮೇಲೆ ಯಾರ ಬೆನ್ನಿಗೂ ಬಣ್ಣವಿಲ್ಲ. ಅದು ದೊಡ್ಡ ವಿಷಯವೇನಲ್ಲ. ಆದರೂ ಆ ದಿನ ತಲೆ ಒರಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಕಳೆದ ವರ್ಷ ಮುಂಬೈಯ ಆ ಕಟ್ಟಡ ಒಡೆದರು, ಹೋಟೆಲು ಮುಚ್ಚಿತು. ನಮ್ಮನೆಯವರು ಒಂದು ಸೂಟ್‌ಕೇಸು, ಒಂದು ಟೇಬಲ್ ಫ್ಯಾನು ಹಿಡಿದುಕೊಂಡು ಊರಿಗೆ ಬಂದರು. ಈ ಸಲ ಹಿಂದಿರುಗುವ ಟಿಕೆಟ್ ಇರಲಿಲ್ಲ.

ಇನ್ನು ಒಂಟಿತನ ಮುಗಿಯಿತು ಎಂದು ಊರವರೆಲ್ಲ ಹೇಳಿದರು. ನಾನೂ ನಂಬಿದ್ದೆ. ಬಂದವರು ಮಾತ್ರ ಗಿರಾಕಿಯ ಹಾಗೆ ಬಂದರು. ಕಾಫಿ ಕೊಟ್ಟರೆ “ಥ್ಯಾಂಕ್ಸ್” ಎನ್ನುತ್ತಿದ್ದರು. ಊಟಕ್ಕೆ ಕೂತು, ಇವತ್ತು ಏನೇನಿದೆ ಎಂದು ಕೇಳುತ್ತಿದ್ದರು. ಉಂಡ ತಟ್ಟೆ ತಾವೇ ತೊಳೆದು, ಮೇಜು ಒರಸಿ, ಆ ಬಟ್ಟೆಯನ್ನು ಹಿಂಡಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಸಾರು ಚೆನ್ನಾಗಿದೆಯೇ ಎಂದರೆ ಫಸ್ಟ್ ಕ್ಲಾಸ್. ಉಪ್ಪು ಹಾಕಲು ಮರೆತ ದಿನವೂ ಫಸ್ಟ್ ಕ್ಲಾಸ್. ಮುಂಜಾನೆ ಹೋಟೆಲಿನ ಬಾಗಿಲು ತೆಗೆದು ಅಭ್ಯಾಸವಾದ ದೇಹ, ಕತ್ತಲಾದೊಡನೆ ಚಾವಡಿಯ ಬೆಂಚಿನ ಮೇಲೆ ಚಾಪೆ ಬಿಡಿಸಿ ಮಲಗಿಬಿಡುತ್ತಿತ್ತು. ಮುಂಬಾಗಿಲ ಅಗಳಿ ಹಾಕುವವಳು ಆಗಲೂ ನಾನೇ. ಅತ್ತೆ ಹೋದಂದಿನಿಂದ ಈ ಮನೆಯಲ್ಲಿ ಕಡೆಗೆ ಮಲಗಿದವಳು ನಾನೇ. ಮೊದಲು ಮನೆಯಲ್ಲಿ ಒಂದು ಒಂಟಿತನ ಇತ್ತು. ಈಗ ಎರಡಾದವು, ಒಂದು ಚಾವಡಿಯಲ್ಲಿ, ಒಂದು ಒಳಕೋಣೆಯಲ್ಲಿ.

ಸಕ್ಕರೆ ಕಾಯಿಲೆಗೆ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರಿಂದ ಅವರು ಗುಡ್ಡ ಹತ್ತಲು ಶುರು ಮಾಡಿದರು. ಅದೇ ಹೊತ್ತಿಗೆ ಭಾನುವಾರ ಭಾನುವಾರ ಕುಂದಾಪುರ, ಬ್ರಹ್ಮಾವರದ ಕಡೆಯಿಂದ ಚಾರಣದವರ ಒಂದು ಗುಂಪು ಕಾರುಗಳಲ್ಲಿ ಬರುತ್ತಿತ್ತು. ದಾರಿ ತೋರಿಸಲು ಹೋದವರು ಅವರಲ್ಲೇ ಒಬ್ಬರಾದರು. ಟೋಪಿ ಬಂತು, ಬೂಟು ಬಂತು. ಗುಡ್ಡದ ಮೇಲಿನಿಂದ ನಮ್ಮನೆಯವರ ನಗು ಕೆಳಗೆ ನನಗೆ ಕೇಳಿಸುತ್ತಿತ್ತು. ಮನೆಯಲ್ಲಿ ಕೇಳಿದ ನಗುವಲ್ಲ ಅದು. ಪಾತ್ರೆ ತೊಳೆಯುತ್ತ, ಅಲ್ಲಿ ಇಷ್ಟು ಮಾತಾಡುವವರು ಇಲ್ಲಿ ಯಾಕೆ ಹೀಗೆ ಎಂದು ತಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಉಜ್ಜುತ್ತಿದ್ದೆ.

ಚಾರಣದವರ ವೇಷ ನೋಡುವಂಥದ್ದು. ಬಿಳಿ ಉದ್ದ ತೋಳಿನ ಅಂಗಿ, ಪ್ಯಾಂಟಿನ ಕಾಲನ್ನು ಸಾಕ್ಸಿನೊಳಗೆ ತುರುಕಿ, ಬೂಟಿಗೂ ಬಟ್ಟೆಗೂ ಬಾಟಲಿಯಿಂದ ಏನೋ ಸಿಂಪಡಿಸಿಕೊಳ್ಳುತ್ತಿದ್ದರು. ನಾನು ಮೊದಲು ನಕ್ಕಿದ್ದೆ. ತಿಳಿಬಣ್ಣದ ಮೇಲೆ ಉಣುಗು ಹರಿದರೆ ಕಾಣುತ್ತದೆ, ಸಾಕ್ಸಿನ ಮೇಲಿನಿಂದ ಹತ್ತಿದ್ದು ಒಳಗೆ ನುಸುಳುವುದಿಲ್ಲ ಎಂದು ಯೋಚಿಸಿದ ಮೇಲೆ, ನಾನು ಈವರೆಗೆ ಕಪ್ಪು ಸೀರೆ ಉಟ್ಟು ಬರಿಗಾಲಲ್ಲಿ ಹಾಡಿಗೆ ಹೋಗುತ್ತಿದ್ದವಳು ಬಾಯಿ ಮುಚ್ಚಿಕೊಂಡೆ. ಅವರು ತರಗೆಲೆಯ ಮೇಲೆ ಕೂರುತ್ತಿರಲಿಲ್ಲ, ಬಂಡೆ ಹುಡುಕಿ ಕೂರುತ್ತಿದ್ದರು. ಇಳಿದ ಮೇಲೆ ಕಾರಿನ ಮರೆಯಲ್ಲಿ ನಿಂತು ಗಂಡ ಹೆಂಡತಿಯ ಕುತ್ತಿಗೆಯನ್ನು, ಗೆಳತಿ ಗೆಳತಿಯ ತಲೆಗೂದಲಿನ ಅಂಚನ್ನು ನೋಡುತ್ತಿದ್ದರು. ನಮ್ಮ ಬಚ್ಚಲ ಬಾಗಿಲಿನ ಕ್ರಮವೇ ರಸ್ತೆಯ ಬದಿಗೆ ಬಂದಿತ್ತು.

ಅವರಲ್ಲಿ ಬ್ರಹ್ಮಾವರದ ಒಬ್ಬರು ಟೀಚರ್ ನೀರು ಕೇಳಿಕೊಂಡು ಮನೆಗೆ ಬರುವುದಿತ್ತು. ಒಂದು ಭಾನುವಾರ ನೀರು ಕುಡಿದು, ಲೋಟ ಕೊಡುತ್ತ ಹೇಳಿದರು:

“ಅಕ್ಕ, ನಿಮ್ಮೋರ್ ಬೆನ್ ಒಂದ್ ನಾವ್ ಕಾಣ್ಲಿಲ್ಲೆ. ಎಷ್ಟ್ ಹೇಳಿರೂ ಬಿಡುದಿಲ್ಲೆ ಅವ್ರ್. ‘ನಂದ್ ಮನಿಯಂಗ್ ನಮ್ಮನೆಯವ್ಳ್ ಕಾಂತ್ಳ್’ ಅಂತ್ರ್. ಪ್ರತಿ ವಾರವೂ ಅದೇ ಮಾತ್.”

ನಾನು ಹೌದು, ಮನೆಯಲ್ಲಿ ನಾನೇ ನೋಡುತ್ತೇನೆ ಎಂದೆ. ಹೌದೆಂದದ್ದು ಯಾಕೋ. ಜೊತೆ ಜೊತೆಯಾಗಿ ನಿಂತವರ ನಡುವೆ ಅವರು ನೀರಿನ ಬಾಟಲಿ ಹಿಡಿದುಕೊಂಡು ಬೇರೆ ನಿಂತಿರುವುದು ಕಣ್ಣಿಗೆ ಕಟ್ಟಿತು. ಪ್ರತಿ ವಾರ ಮನೆಗೆ ಬಂದವರು ನೇರ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ದಿನ ನಾನು ಬಚ್ಚಲ ಬಾಗಿಲಲ್ಲೇ ಬೈರಾಸು ಹಿಡಿದು ನಿಂತೆ. ಅವರು ಬೈರಾಸು ತಕ್ಕೊಂಡು, ಥ್ಯಾಂಕ್ಸ್ ಎಂದು, ಒಳಗೆ ಹೋಗಿ ಚಿಲಕ ಹಾಕಿದರು.

ಅದೇ ವಾರ ಗುಡ್ಡದ ಆಚೆ ಬದಿಯಲ್ಲಿ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಬಂತು. ಮಂಗ ಸತ್ತರೆ ನಮ್ಮ ಕಡೆ ಎದೆ ಧಸಕ್ಕೆನ್ನುತ್ತದೆ. ಅದರ ಮೈಯಿಂದ ಇಳಿದ ಉಣುಗು ಮನುಷ್ಯರಿಗೆ ಕಚ್ಚಿದರೆ ಮಂಗನ ಕಾಯಿಲೆ. ಆರೋಗ್ಯ ಕೇಂದ್ರದ ನರ್ಸಮ್ಮ ಮನೆ ಮನೆಗೆ ಬಂದು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ ಕೊಟ್ಟರು. ಆ ಬದಿಯ ಹಾಡಿಗೆ ಸದ್ಯ ಹೋಗಬೇಡಿ, ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ, ಉಣುಗು ಕಚ್ಚಿದ್ದರೆ ಮುಂದಿನ ಒಂದೆರಡು ವಾರ ಮೈ ನೋಡಿಕೊಳ್ಳಿ, ಜ್ವರ ತಲೆನೋವು ಬಂದರೆ ಮಾತ್ರೆ ನುಂಗಿ ಮಲಗದೆ ಬನ್ನಿ ಎಂದರು. ಬೀಡಿಯ ಶಾಸ್ತ್ರ ತಪ್ಪೆಂದು ತಿಳಿದದ್ದು ಅವರಿಂದಲೇ. ನಾನು ಕುಂದಾಪುರಕ್ಕೆ ಹೋಗಿ ಚಿಮಟ ತಂದದ್ದು ಅದರ ಮರುದಿನ.

ಚಿಮಟ ತಂದೆ, ಮೊಳೆಗೆ ನೇತು ಹಾಕಿದೆ. ಬೆನ್ನು ತೋರಿಸಿ ಎಂದು ಕೇಳುವುದು ಹೇಗೆ? ಕಟ್ಟಿಕೊಂಡ ಗಂಡ. ಆದರೂ ಬಾಯಿ ಬರುತ್ತಿರಲಿಲ್ಲ. ಕಡೆಗೆ ದಾರಿ ತೋರಿಸಿದ್ದು ಅವರ ಬನಿಯನ್ನು. ಒಗೆಯಲು ಹಾಕಿದಾಗ ಬೆನ್ನಿನ ನಡುವೆ ಸಾಸಿವೆಯಷ್ಟು ರಕ್ತದ ಕಲೆ ಕಂಡಿತು. ಮೂಸಿದೆ. ಸೀಮೆಎಣ್ಣೆಯ ವಾಸನೆ. ಸೋಪಿನ ಕೈಯಲ್ಲೇ ಚಾವಡಿಗೆ ಹೋದೆ.

“ಹ್ವಾಯ್, ಬನಿಯನ್ ತೆಗಿನಿ.”

“ಎಂತಕೆ?”

“ಬೆನ್ ಕಾಂಬುಕೆ.”

“ಬೆನ್ನಗೆ ಎಂತ ಇತ್ತ್ ಕಾಂಬುಕೆ?”

“ಅದನ್ನೇ ಕಾಂಬುಕೆ.”

ಬಚ್ಚಲ ಬಾಗಿಲಲ್ಲಿ ಬಿಸಿಲಿಗೆ ನಿಲ್ಲಿಸಿದೆ. ಬೆನ್ನಿನ ನಟ್ಟನಡುವೆ, ಯಾವ ಕೈಗೂ ಎಟುಕದ ಜಾಗದಲ್ಲಿ, ಅದು ಗಟ್ಟಿಯಾಗಿ ಕೂತಿತ್ತು. ಸುತ್ತ ಚರ್ಮ ಕೆಂಪಗೆ. ಕೋಲಿಗೆ ಸೀಮೆಎಣ್ಣೆಯ ಬಟ್ಟೆ ಸುತ್ತಿ ತಾವೇ ಉಜ್ಜಿಕೊಂಡಿದ್ದರಂತೆ. ಆ ಬೆನ್ನನ್ನು ನಾನು ಹಗಲು ಬೆಳಕಿನಲ್ಲಿ ಕಂಡದ್ದು ಅದೇ ಮೊದಲು. ಹೆಗಲ ಹತ್ತಿರ ಎಣ್ಣೆ ಹಾರಿ ಸುಟ್ಟ ಹಳೆಯ ಕಲೆಗಳಿದ್ದವು. ಯಾವ ವರ್ಷದವೋ, ಯಾರು ಔಷಧಿ ಹಚ್ಚಿದರೋ, ನನಗೆ ಯಾವುದೂ ಗೊತ್ತಿರಲಿಲ್ಲ. ಚಿಮಟವನ್ನು ಚರ್ಮಕ್ಕೆ ತಾಗಿಸಿ ಮೆಲ್ಲಗೆ ಎಳೆದೆ. ಇಡಿಯಾಗಿ ಬಂತು. ಕಾಲು ಆಡಿಸುತ್ತಿತ್ತು. ಅದನ್ನು ಒಂದು ಸಣ್ಣ ಡಬ್ಬಿಗೆ ಹಾಕಿ ಮುಚ್ಚಿ, ಸೋಪು ಹಾಕಿ ಬೆನ್ನು ತೊಳೆದೆ.

“ಹೇಳುಕ್ ಆಗ್ತಿರ್ಲಿಲ್ಯಾ?” ಎಂದೆ, ಬೆನ್ನಿಗೆ.

“ಮುಂಬೈಯಗೆ ಬೆನ್ ತುರ್ಸಿರೆ ಗ್ವಾಡಿಗ್ ಉಜ್ಜುದ್. ಅದೇ ಅಭ್ಯಾಸ ಆಯ್ ಹೋಯ್ತ್.”

ಅಲ್ಲಿ ಅವರು ಗೋಡೆಗೆ, ಇಲ್ಲಿ ನಾನು ಕಂಬಕ್ಕೆ. ಇಷ್ಟು ವರ್ಷ ನಾವಿಬ್ಬರೂ ಒಂದೇ ಕೆಲಸ ಮಾಡುತ್ತಿದ್ದೆವು.

ಜ್ವರ ಬಂದೇ ಬಂತು. ಒಂದು ಬೆಳಿಗ್ಗೆ ಗುಡ್ಡಕ್ಕೆ ಹೋಗದೆ ಬೆಂಚಿನ ಮೇಲೇ ಮುದುಡಿಕೊಂಡಿದ್ದರು. ಹಣೆ ಮುಟ್ಟಿದರೆ ದೋಸೆ ಕಾವಲಿ. ರಿಕ್ಷಾ ತರಿಸಿ ಆರೋಗ್ಯ ಕೇಂದ್ರಕ್ಕೆ ಹೋದೆವು, ಡಬ್ಬಿಯನ್ನೂ ಹಿಡಿದುಕೊಂಡು. ರಕ್ತ ತೆಗೆದು ಪರೀಕ್ಷೆಗೆ ಕಳುಹಿಸಿ, ವರದಿ ಬರುವ ತನಕ ಅಲ್ಲೇ ಇರಲಿ ಎಂದರು. ಮನೆಗೆ ಬಂದಿದ್ದ ಅದೇ ನರ್ಸಮ್ಮ ನನ್ನನ್ನು ಕೇಳಿದರು, ಇವರಿಗೆ ಯಾವ ಮಾತ್ರೆಯಾದರೂ ಆಗಿಬರುವುದಿಲ್ಲವೇ? ಮೊದಲು ಯಾವಾಗಲಾದರೂ ಆಸ್ಪತ್ರೆ ಸೇರಿದ್ದುಂಟೇ? ನಾನು ನಮ್ಮನೆಯವರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು, ಒಮ್ಮೆ ಟೈಫಾಯ್ಡ್ ಆಗಿ ಎಷ್ಟೋ ದಿನ ಮಲಗಿದ್ದೆ ಎಂದು. ಆ ಆಸ್ಪತ್ರೆಯ ಸುದ್ದಿ ನನಗೆ ಯಾವ ಫೋನಿನಲ್ಲೂ ಬಂದಿರಲಿಲ್ಲ. ನರ್ಸಮ್ಮ ಬರೆಯುವುದು ನಿಲ್ಲಿಸಿ ನನ್ನನ್ನೊಮ್ಮೆ ನೋಡಿದರು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಾದಷ್ಟು ನಾನು ಯಾವ ಬಸ್ಸಿಗೂ ಕಾದವಳಲ್ಲ. ಗುರುತಿಲ್ಲದವರು ಸತ್ತರೆ ಅಳುವುದಿಲ್ಲ, ಗುರುತಿದ್ದವರು ಸತ್ತರೆ ಅಳುತ್ತೇವೆ. ಈಗಷ್ಟೇ ಗುರುತಾಗುತ್ತಿರುವವರು ಹೋದರೆ ಏನು ಮಾಡುವುದು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಮಂಗನ ಕಾಯಿಲೆಯಾದರೆ ವಸಡಿನಲ್ಲಿ ರಕ್ತ ಬರುತ್ತದಂತೆ, ಅದು ಕಾಣುತ್ತದೆಯೇ ಎಂದು ನೋಡಲು ಅವರ ಬಾಯಿ ತೆರೆಸುತ್ತಿದ್ದೆ. ಅವರು ತೆರೆಯುತ್ತಿದ್ದರು. ಒಮ್ಮೆ ಮಾತ್ರ ಕೇಳಿದರು:

“ನೀನ್ ಉಂಡ್ಯಾ?”

ಬಂದಂದಿನಿಂದ ಅವರು ಹೀಗೆ ಕೇಳಿದ್ದು ಅದೇ ಮೊದಲು. ಉಂಡೆ ಎಂದೆ. ಉಂಡಿರಲಿಲ್ಲ.

ವರದಿ ಬಂತು. ಆ ಕಾಯಿಲೆ ಅಲ್ಲ, ಸಾಧಾರಣ ಜ್ವರ, ಮನೆಗೆ ಹೋಗಿ ಎಂದರು. ದಾರಿಯಲ್ಲಿ ರಿಕ್ಷಾದವನಿಗೆ ಇವರು, ಆಸ್ಪತ್ರೆಯ ಗಂಜಿ ಫಸ್ಟ್ ಕ್ಲಾಸ್ ಎಂದರು. ನನಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು, ರಿಕ್ಷಾದ ಹೊರಗೆ ನೋಡುತ್ತ ಕೂತೆ.

ಅಂದಿನಿಂದ ಭಾನುವಾರ ಗುಡ್ಡದಿಂದ ಇಳಿದವರು ತಾವಾಗಿಯೇ ಬಂದು ಬಚ್ಚಲ ಬಾಗಿಲಲ್ಲಿ ನಿಲ್ಲುತ್ತಾರೆ. ನಾನು ನೋಡುತ್ತೇನೆ. ಆದರೆ ನನ್ನ ಬೆನ್ನು ನೋಡಬೇಕೆಂದು ಅವರಿಗೆ ತೋಚಲಿಲ್ಲ. ನಾನಾಗಿ ಕೇಳುವುದಕ್ಕೂ ಮನಸ್ಸು ಬರಲಿಲ್ಲ. ಕೇಳಿ ಪಡೆಯುವ ವಸ್ತುವಲ್ಲ ಅದು ಎಂದು ಬಿಂಕ. ತರಗೆಲೆ ತಂದ ದಿನ ನಾನು ಕಂಬಕ್ಕೇ ತಿಕ್ಕುತ್ತಿದ್ದೆ.

ಇವತ್ತು ಎರಡನೆಯ ಹೆಡಿಗೆ ಇಳಿಸಿ ತಿರುಗಿದರೆ ಅವರು ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಮೂಗಿನ ಮೇಲೆ ಪೇಪರು ಓದುವ ಕನ್ನಡಕ, ಕೈಯಲ್ಲಿ ಚಿಮಟ, ಹೆಗಲ ಮೇಲೆ ಮೇಜು ಒರಸುವ ಬಟ್ಟೆ. ಯಾವ ಆರ್ಡರು ಎಂದು ಕೇಳುವವರ ಹಾಗೆ.

“ತಿರ್ಗ್, ಕಾಂಬ,” ಎಂದರು.

ನಾನು ಸೆರಗು ಸರಿಸಿ, ರವಿಕೆ ಸಡಿಲಿಸಿ ಬಿಸಿಲಿಗೆ ಬೆನ್ನು ಮಾಡಿದೆ. ಅವರಿಗೆ ಕ್ರಮ ಗೊತ್ತಿರಲಿಲ್ಲ. ಕಿವಿಯ ಹಿಂದೆ ನೋಡದೆ ನೇರ ನಡುಬೆನ್ನಿಗೆ ಬಂದರು. ಬೆರಳು ಒರಟು, ತಣ್ಣಗೆ. ಇದ್ದಕ್ಕಿದ್ದಂತೆ ಆ ಬೆರಳು ನಿಂತಿತು.

“ಅರೆ, ಒಂದ್ ಇತ್ತ್. ದೊಡ್ಡದೇ ಇತ್ತ್. ಅಲ್ಲಾಡ್ಬೇಡ.”

ಚಿಮಟ ತಾಗಿತು. ನಾನು ಹೇಳಿಕೊಟ್ಟ ಹಾಗೆಯೇ, ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು, ತಿರುಚದೆ, ನೇರ ಮೇಲಕ್ಕೆ ಎಳೆದರು. ಪ್ರಾಣ ಹೋಯಿತು. ಇನ್ನೊಮ್ಮೆ ಎಳೆದರು.

“ಭಾರೀ ಗಟ್ಟಿ ಇತ್ತಲ್ಲ ಇದ್.”

“ಬಿಡಿ ಮಾರಾಯ್ರೆ,” ಎಂದೆ, ಹಲ್ಲು ಕಚ್ಚಿಕೊಂಡು. “ಅದ್ ಉಣ್ಗ್ ಅಲ್ಲ. ಮಚ್ಚೆ.”

ಚಿಮಟ ಹಿಂದೆ ಸರಿಯಿತು. ಅವರು ಕೇಳಿದರು:

“ಯಾವಾಗ್ ಬಂದದ್?”

“ಹುಟ್ಟುವತಿಗೇ ಇತ್ತ್.”

ಅವರು ಕನ್ನಡಕ ತೆಗೆದು ಬಟ್ಟೆಯಲ್ಲಿ ಒರಸುವುದು ಕೇಳಿಸಿತು. ಅದನ್ನು ಹಾಕಿಕೊಂಡು ಇನ್ನಷ್ಟು ಹತ್ತಿರ ಬಗ್ಗಿ ನೋಡಿದರು. ಬೆನ್ನಿಗೆ ಅವರ ಉಸಿರು ತಾಗಿತು. ಚಿಮಟ ಮೊಳೆಗೆ ಹೋದ ಸದ್ದಾಯಿತು. ಎಳೆದ ಜಾಗದ ಮೇಲೆ ಬೆರಳೊಂದು ಬಂದು ಕೂತಿತು, ಕೂತು ಅಲ್ಲೇ ಇತ್ತು.

“ಉರಿತ್ತಾ?”

“ಅದ್ ನಮ್ದ್,” ಎಂದೆ. “ಇರ್ಲಿ.”

ಅವರು ಒಳಗೆ ಹೋಗಿ ತೆಂಗಿನೆಣ್ಣೆ ತಂದು ಅಲ್ಲಿಗೆ ಹಚ್ಚಿದರು. ಆಮೇಲೆ ಕಿವಿಯ ಹಿಂದೆಯೂ ನೋಡಬೇಕು ಎಂದು ನಾನು ಹೇಳಿದೆ, ನೋಡಿದರು. ಮೊಣಕಾಲಿನ ಹಿಂದೆಯೂ. ಒಂದೂ ಇರಲಿಲ್ಲ.

ರಾತ್ರಿಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಬೆಳಗಿನ ಚಟ್ನಿ ಉಳಿದದ್ದು ಒಂದು ಚೂರು. ಸಾರಿಗೆ ಉಪ್ಪು ಸ್ವಲ್ಪ ಹೆಚ್ಚಾಯಿತು ಎಂದು ಇವರು ಹೇಳಿದರು. ಎರಡೂ ತಟ್ಟೆ ತೊಳೆದಿಟ್ಟು, ಮೇಜು ಒರಸಿ, ಚಾಪೆ ಬಿಡಿಸದೆ ಜಗಲಿಯಲ್ಲಿ ಕೂತುಕೊಂಡರು. ನನಗೆ ಕಣ್ಣು ಎಳೆಯುತ್ತಿತ್ತು, ಒಳಕೋಣೆಗೆ ಹೋದೆ. ಎಡಮಗ್ಗುಲಿಗೆ ಮಲಗಿದರೆ ಬೆನ್ನು ಉರಿಯುತ್ತದೆಂದು ಬಲಮಗ್ಗುಲಾದೆ. ಮುಂಬಾಗಿಲ ಅಗಳಿ ಬಿದ್ದ ಸದ್ದು ಎಲ್ಲೋ ದೂರದಿಂದ ಬಂದ ಹಾಗೆ ಕೇಳಿಸಿತು. ಅಷ್ಟರಲ್ಲಿ ನನಗೆ ಅರ್ಧ ನಿದ್ದೆ ಬಂದಿತ್ತು.